ಕೀಳಲು ಬಾರದ ಜೋಳ

ಆಗೆಲ್ಲ ಅಬ್ಬಿಗೇರಿಯಲ್ಲಿ ಹಿಂಗಾರಿ ಬಿತ್ತನೆಗೆ ಮುಂಚಿನ ಎರಡು ವಾರ ನಮ್ಮ ಮನೆಯ ಪಡಸಾಲೆಯಲ್ಲಿ ಕಾಲಿಡಲು ಜಾಗವಿರುತ್ತಿರಲಿಲ್ಲ. ಓಣಿಯ ಹೆಂಗಸರು ಮೊರದ ತುಂಬ ತಮ್ಮ ಮನೆಯ ಜೋಳ ಹೊತ್ತು ಬರುತ್ತಿದ್ದರು. ಅದನ್ನು ಆಯಿಯ ಮುಂದೆ ಸುರಿದು ಅಷ್ಟೇ ಅಳತೆಯ ಬೀಜದ ಜೋಳ ಒಯ್ಯುತ್ತಿದ್ದರು. ಸೇರು ಕೊಟ್ಟರೆ ಸೇರು, ಅದಕ್ಕಿಂತ ಬೇರೆ ಮಾತಿಲ್ಲ. ಬೆಳವಣಕಿ, ಲಕ್ಕಲಕಟ್ಟಿಯ ನೆಂಟರೂ ಬಸ್ಸಿನಲ್ಲಿ ಬರುವವರ ಕೈಯಲ್ಲಿ ಚೀಲ ಕಳಿಸಿ ತರಿಸಿಕೊಳ್ಳುತ್ತಿದ್ದರು. ಬೀಜ ತುಂಬಿಟ್ಟ ಮಣ್ಣಿನ ಹರವಿಯ ಬಾಯಿಗೆ ಮೆತ್ತಿದ ಸೆಗಣಿ ಒಡೆದ ಕೂಡಲೇ ಬೂದಿ, ಒಣಗಿದ ಬೇವಿನ ಎಲೆ, ಒಳಗಿನ ಕಾಳು ಮೂರೂ ಕೂಡಿದ ಒಂದು ವಾಸನೆ ಮನೆಯೆಲ್ಲ ಹಬ್ಬುತ್ತಿತ್ತು. ನಿಮ್ಮಲ್ಲಿ ಯಾರಾದರೂ ಅಂಥ ಹರವಿಯ ಬಾಯಿಗೆ ಮೂಗು ಹಿಡಿದಿದ್ದರೆ ಹೆಚ್ಚು ಹೇಳುವುದು ಬೇಕಿಲ್ಲ.

ಆಯಿ ಎಂದರೆ ಅಪ್ಪನ ತಾಯಿ, ನೀಲವ್ವ. ಜೋಳ ಕೀಳುವ ಹಿಂದಿನ ದಿನ ಅವಳು ನಿಂತ ಬೆಳೆಯಲ್ಲೇ ನಡೆದು ಬೀಜದ ತೆನೆ ಆರಿಸುತ್ತಿದ್ದಳು. ಬೆಳೆ ಕಿತ್ತು ಕಣಕ್ಕೆ ಹೋದರೆ ಒಳ್ಳೆಯದು ಕೆಟ್ಟದ್ದು ಎಲ್ಲ ಒಂದೇ ರಾಶಿ, ಆಮೇಲೆ ಆರಿಸಲು ಬರುವುದಿಲ್ಲ. ಹಾಗಾಗಿ ಆ ಒಂದು ದಿನದ ಅವಳ ಕಣ್ಣಿನ ಮೇಲೆ ಮುಂದಿನ ವರ್ಷ ಎಷ್ಟೋ ಮನೆಗಳ ಹೊಲ ನಿಂತಿರುತ್ತಿತ್ತು.

ನಾನು ಆಗ ಆರನೆಯ ಇಯತ್ತೆ. ನಾಲ್ಕನೆಯ ಇಯತ್ತೆಯಲ್ಲಿದ್ದಾಗ ಅವ್ವ ನನ್ನ ಕಾಟ ತಾಳಲಾರದೆ ಅರ್ಧ ಬರೆದುಳಿದ ಒಂದು ನೋಟುಪುಸ್ತಕ ಕೊಟ್ಟು, ಏನಾದರೂ ಎಣಿಸಿ ಬರೆ, ನನ್ನ ಸೆರಗು ಬಿಡು ಅಂದಿದ್ದಳು. ಅಂದಿನಿಂದ ನಾನು ಕಂಡಕಂಡದ್ದನ್ನೆಲ್ಲ ತಾರೀಖು ಹಾಕಿ ಎಣಿಸುತ್ತಿದ್ದೆ. ರೋಣದ ಕಡೆಯಿಂದ ಬಂದ ಬಸ್ಸು ಎಷ್ಟು, ಅಪ್ಪ ತಿಂದ ರೊಟ್ಟಿ ಎಷ್ಟು, ಚಿಣಿಫಣಿ ಆಟದಲ್ಲಿ ನಾನು ಸೋತದ್ದು ಎಷ್ಟು ಸಲ. ಬೀಜಕ್ಕೆ ಬಂದ ಹೆಂಗಸರನ್ನೂ ಎಣಿಸಿದ್ದೆ. ಮೊದಲ ವರ್ಷ ಇಪ್ಪತ್ತಮೂರು. ಎರಡನೆಯ ವರ್ಷ ಹದಿನೈದು. ಮೂರನೆಯ ವರ್ಷ ಆರು. ಆ ಆರನ್ನು ಬರೆದ ದಿನ ಪಡಸಾಲೆಯಲ್ಲಿ ನಾನು ಕೈಕಾಲು ಚಾಚಿ ಮಲಗಬಹುದಿತ್ತು.

ಕಾರಣ ಊರಿಗೆಲ್ಲ ಗೊತ್ತಿತ್ತು. ನಮ್ಮ ಬೀಜ ಬಿತ್ತಿದ ಹೊಲಗಳಲ್ಲಿ ಹುಚ್ಚು ತೆನೆ ಬರುತ್ತಿತ್ತು. ಬಿಳಿಜೋಳದ ತೆನೆ ಮುಷ್ಟಿ ಕಟ್ಟಿದ ಹಾಗೆ ಗಟ್ಟಿಯಾಗಿರುತ್ತದೆ. ಈ ಹುಚ್ಚು ತೆನೆ ಉಳಿದ ಬೆಳೆಗಿಂತ ಒಂದು ಮೊಳ ಎತ್ತರ ನಿಂತು, ಕಸಬರಿಗೆಯ ಹಾಗೆ ಬಿಚ್ಚಿಕೊಂಡಿರುತ್ತಿತ್ತು. ಕಾಳು ಸಣ್ಣದು, ಕಪ್ಪು ಹೊಟ್ಟಿನೊಳಗೆ ಹುದುಗಿದ್ದು, ಮುಟ್ಟಿದರೆ ಉದುರುವಂಥದು. ಮೊದಲ ವರ್ಷ ನಾಲ್ಕೈದು ಕಂಡಾಗ ಯಾರೂ ಮನಸ್ಸಿಗೆ ಹಚ್ಚಿಕೊಳ್ಳಲಿಲ್ಲ. ಮೂರನೆಯ ವರ್ಷಕ್ಕೆ ರಸ್ತೆಯಲ್ಲಿ ಹೋಗುವವರೂ ಬೆರಳು ಮಾಡಿ ತೋರಿಸತೊಡಗಿದರು.

ಎದುರು ಮನೆಯ ಬಸಲಿಂಗವ್ವ ಮನಸ್ಸಿನಲ್ಲಿ ಏನನ್ನೂ ಇಟ್ಟುಕೊಳ್ಳುವವಳಲ್ಲ. ಆ ವರ್ಷ ಬಿತ್ತನೆಗೆ ಮುಂಚೆ ಬರಿಗೈಯಲ್ಲಿ ಬಂದು ಕಟ್ಟೆಯ ಮೇಲೆ ಕೂತಳು.

“ಯಕ್ಕಾ, ತಪ್ಪ ತಿಳಕೋಬ್ಯಾಡ. ನಿನ್ನ ಕಣ್ಣ ಮಂದ ಆಗ್ಯಾವು. ಈ ಸಲ ನಾವು ಪಾಕೀಟಿನ ಬೀಜ ತಂದೀವಿ.”

ಆಯಿ ತಪ್ಪು ತಿಳಿಯಲಿಲ್ಲ. ಚಹಾ ಕುಡಿಸಿ ಕಳಿಸಿದಳು. ಆಮೇಲೆ ಒಳಗೆ ಹೋಗಿ ಕೌದಿ ಹೊಲಿಯುವ ಸೂಜಿ ತಗೊಂಡು, ಯಾರೂ ನೋಡುತ್ತಿಲ್ಲ ಎಂದುಕೊಂಡು ಬಾಗಿಲ ಬೆಳಕಿಗೆ ದಾರ ಪೋಣಿಸಿದಳು. ಮೂರನೆಯ ಸಲಕ್ಕೆ ಹೋಯಿತು. ನಾನು ಅದನ್ನೂ ಬರೆದುಕೊಂಡೆ. ಬರೆದ ಮೇಲೆ ಯಾಕೋ ಕೆಟ್ಟದೆನಿಸಿತು.

ಅಪ್ಪನಿಗೂ ಚಹಾದಂಗಡಿಯಲ್ಲಿ ಮಾತು ಕೇಳಿ ಕೇಳಿ ಸಾಕಾಗಿತ್ತು. ಒಂದು ದಿನ ಊಟಕ್ಕೆ ಕೂತಾಗ, ಈ ಸುಗ್ಗಿ ಮುಗಿದ ಮೇಲೆ ಹರವಿಗಳನ್ನು ಅಟ್ಟಕ್ಕೆ ಏರಿಸೋಣ, ಬರುವ ವರ್ಷದಿಂದ ನಾವೂ ರೋಣದಿಂದ ಪಾಕೀಟು ತರೋಣ ಅಂದ. ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಆಯಿಯ ಮುಖವನ್ನು ಮಾತ್ರ ನೋಡಲಿಲ್ಲ. ಆಯಿ ಉಣ್ಣುವುದನ್ನು ನಿಲ್ಲಿಸಲಿಲ್ಲ. “ಹಂಗಾದ್ರ ಈ ವರ್ಷ ತೆನಿ ಆರಿಸೂದ ಬ್ಯಾಡೇನು?” ಎಂದು ಕೇಳಿದಳು. ಅಪ್ಪ ಮಜ್ಜಿಗೆ ಕೇಳಿದ.

ಆಯಿಯ ಅತ್ತೆ, ಆ ಅತ್ತೆಯ ಅತ್ತೆ ಎಲ್ಲರೂ ಆರಿಸುತ್ತ ಬಂದ ಬೀಜ ಅದು. ಒಂದು ವರ್ಷ ಆರಿಸದಿದ್ದರೆ ಅಲ್ಲಿಗೆ ಮುಗಿಯಿತು. ಹನ್ನೊಂದು ವರ್ಷದ ನನಗೂ ಅಷ್ಟು ತಿಳಿಯುತ್ತಿತ್ತು.

ಉಳಿದ ಬೀಜವನ್ನು ಅಕ್ಟೋಬರ್ ಮೂರನೆಯ ತಾರೀಖು ನಮ್ಮ ಹೊಲಕ್ಕೇ ಬಿತ್ತಿದೆವು. ಮೂರು ತಾಳಿನ ಕೂರಿಗೆ, ಒಂದು ಸಲ ಹೋದರೆ ಮೂರು ಸಾಲು. ಮೂಡಣ ಬದುವಿನಿಂದ ಶುರುವಾದ ಸಾಲುಗಳು ರಸ್ತೆಯಿಂದ ಹಳ್ಳದವರೆಗೆ ಉದ್ದಕ್ಕೆ ಹೋಗುತ್ತಿದ್ದವು. ನಾನು ಬದುವಿನ ಮೇಲೆ ಕೂತು ಪ್ರತಿ ಸುತ್ತಿಗೆ ಒಂದು ಗೆರೆ ಎಳೆಯುತ್ತಿದ್ದೆ. ಮಧ್ಯಾಹ್ನದ ಮೇಲೆ ದೊಡ್ಡ ಹರವಿಯ ಬೀಜ ಮುಗಿದು ಸಣ್ಣ ಗಡಿಗೆಯದನ್ನು ಸುರಿದರು. ಅದನ್ನೂ ಬರೆದೆ: ದೊಡ್ಡ ಹರವಿ ೧೬೮ ಸಾಲು, ಸಣ್ಣ ಗಡಿಗೆ ೪೨ ಸಾಲು, ಒಟ್ಟು ೨೧೦. ಅದರಿಂದ ಏನಾದರೂ ಉಪಯೋಗವಾದೀತು ಎಂದು ಬರೆದದ್ದಲ್ಲ. ಬದುವಿನ ಮೇಲೆ ಬೇರೆ ಕೆಲಸವಿರಲಿಲ್ಲ.

ಎಳ್ಳು ಅಮಾವಾಸ್ಯೆಯ ದಿನ, ನಮ್ಮ ಎಳ್ಳಮಾಸಿಗೆ, ಬಂಡಿ ಕಟ್ಟಿಕೊಂಡು ಹೊಲಕ್ಕೆ ಹೋದೆವು. ಸಜ್ಜೆ ರೊಟ್ಟಿ, ಎಣ್ಣೆಗಾಯಿ, ಪುಂಡಿಪಲ್ಯ, ಶೇಂಗಾ ಹೋಳಿಗೆ, ಗಟ್ಟಿ ಮೊಸರು. ಅಪ್ಪ ಹೊಲದ ಸುತ್ತ ಭೂಮಿತಾಯಿಯ ಎಡೆ, ಚರಗ, ಚೆಲ್ಲಿ ಬಂದು ಬನ್ನಿಗಿಡದ ನೆರಳಲ್ಲಿ ಕೂತ. ಬೆಳೆಯ ಮೇಲೆ ಅಲ್ಲೊಂದು ಇಲ್ಲೊಂದು ಹುಚ್ಚು ತೆನೆ ತಲೆಯೆತ್ತಿ ಗಾಳಿಗೆ ಅಲ್ಲಾಡುತ್ತಿತ್ತು. ಬಂದ ನೆಂಟರು ಅವನ್ನು ನೋಡಿಯೂ ನೋಡದವರ ಹಾಗೆ ಹೋಳಿಗೆ ಚಲೋ ಆಗಿದೆ ಎಂದು ಎರಡೆರಡು ಸಲ ಹೇಳಿದರು. ಆಯಿ ಹೊಲಕ್ಕೆ ಬೆನ್ನು ಮಾಡಿ ಕೂತಿದ್ದಳು.

ನನಗೊಂದು ಆಸೆ ಬಂತು. ಜನ ಹೇಳುವಷ್ಟು ಹುಚ್ಚು ತೆನೆ ನಿಜಕ್ಕೂ ಇರಲಿಕ್ಕಿಲ್ಲ. ಎಣಿಸಿ ತೋರಿಸಿದರೆ ಎಲ್ಲರ ಬಾಯಿ ಮುಚ್ಚುತ್ತದೆ. ಉಳಿದ ಮಕ್ಕಳು ರಸ್ತೆಯಲ್ಲಿ ಚಿಣಿಫಣಿ ಆಡುವಾಗ ನಾನು ಬೆಳೆಯೊಳಗೆ ಹೊಕ್ಕೆ. ಹುಚ್ಚು ತೆನೆ ಎತ್ತರಕ್ಕಿರುವುದರಿಂದ ಒಂದು ಸಲ ನಡೆದರೆ ಆರು ಸಾಲು ಎಣಿಸಬಹುದಿತ್ತು. ಅಂದು ಹತ್ತು ಸಲ ನಡೆದೆ. ಮುಂದಿನ ಎರಡು ದಿನ ಶಾಲೆ ಬಿಟ್ಟ ಮೇಲೆ ಹೋಗಿ ಉಳಿದ ಇಪ್ಪತ್ತೈದು ಮುಗಿಸಿದೆ. ಜೋಳದ ಗರಿ ತಾಗಿ ಕೈ ತುಂಬ ಗೀರು, ಮೈಯೆಲ್ಲ ತುರಿಕೆ.

ಜನ ಹೇಳಿದ್ದು ಸುಳ್ಳಾಗಿರಲಿಲ್ಲ. ಐವತ್ತೇಳು ಇದ್ದವು. ನನಗೆ ಅಳುವೇ ಬಂತು. ಆದರೆ ಪುಟದ ಮೇಲೆ ಗೆರೆಗಳು ನಿಂತ ರೀತಿ ವಿಚಿತ್ರವಾಗಿತ್ತು. ಮೂಡಣ ಬದುವಿನಿಂದ ಶುರುಮಾಡಿ ಇಪ್ಪತ್ತೆಂಟು ನಡಿಗೆಯವರೆಗೆ ಎಲ್ಲ ಕಡೆ ಒಂದೋ ಎರಡೋ ಮೂರೋ ಇದ್ದವು. ಕೊನೆಯ ಏಳು ನಡಿಗೆಯಲ್ಲಿ ಒಂದೂ ಇಲ್ಲ. ದಣಿದು ಸರಿಯಾಗಿ ನೋಡಿಲ್ಲ ಎಂದುಕೊಂಡು ಮರುದಿನ ಆ ಏಳನ್ನೇ ಮತ್ತೆ ನಡೆದೆ. ಒಂದೂ ಇಲ್ಲ. ಏಳಾರಲ ನಲವತ್ತೆರಡು ಸಾಲು. ಈ ನಲವತ್ತೆರಡನ್ನು ಎಲ್ಲೋ ಬರೆದ ನೆನಪಾಗಿ ಪುಸ್ತಕದ ಹಿಂದಿನ ಪುಟ ತಿರುವಿದೆ. ಅಕ್ಟೋಬರ್ ಮೂರು. ಸಣ್ಣ ಗಡಿಗೆ, ೪೨ ಸಾಲು.

ಆಯಿ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು. ಸಣ್ಣ ಗಡಿಗೆಯ ಬೀಜ ಎಲ್ಲಿಯದು ಎಂದು ಕೇಳಿದೆ. ಅವಳು ಬಾಗಿಲ ಕಡೆ ನೋಡಿ, ಯಾರ ಮುಂದೂ ಆಡಬೇಡ ಎಂದು ಆಣೆ ಹಾಕಿಸಿಕೊಂಡು ಹೇಳಿದಳು.

ಬೀಜದ ತೆನೆಯನ್ನು ಹಳ್ಳದ ಬದಿಯ ತಗ್ಗಿನಲ್ಲೇ ಆರಿಸಬೇಕು ಎಂಬುದು ಅವಳ ಅತ್ತೆ ಹಾಕಿಕೊಟ್ಟ ಕ್ರಮ. ಕರಿ ಎರೆ ಮಣ್ಣಿನ ಹೊಲದ ತಗ್ಗಿನಲ್ಲಿ ತೇವ ಬಹಳ ದಿನ ನಿಲ್ಲುತ್ತದೆ, ತೆನೆ ಕೂಸಿನ ತಲೆಯಷ್ಟು ಬರುತ್ತದೆ. ಹಿಂದಿನ ವರ್ಷವೂ ಅಲ್ಲೇ ಆರಿಸಿದ್ದಳು. ಆದರೆ ಮುಯ್ಯಿಗೆ, ಅಂದರೆ ಕೆಲಸಕ್ಕೆ ಕೆಲಸ ಎಂದು, ಬಂದ ಓಣಿಯವರು ಒಂದು ದಿನ ಮೊದಲೇ ಹಳ್ಳದ ಕಡೆಯಿಂದ ಕೀಳಲು ಹತ್ತಿದ್ದರಿಂದ ತೆನೆ ಸಾಲದೆ ಬಂತು. ಕಡಿಮೆ ಬಿದ್ದಷ್ಟನ್ನು ರಸ್ತೆಯ ಕಡೆಯ ದಿನ್ನೆಯ ಮೇಲೆ ಆರಿಸಿದಳು. ದಿನ್ನೆಯ ತೆನೆ ಸಣ್ಣವು. ಅವನ್ನು ಊರಿಗೆ ಕೊಡಲು ನಾಚಿಕೆಯಾಗಿ ಬೇರೆ ಗಡಿಗೆಯಲ್ಲಿ ಇಟ್ಟಿದ್ದಳು.

ನಾನು ಪುಸ್ತಕ ತೆಗೆದು ಅವಳ ಮುಂದೆ ಹಿಡಿದೆ. ಅವಳಿಗೆ ಓದಲು ಬರುತ್ತಿರಲಿಲ್ಲ, ಗೆರೆಗಳು ಕಾಣುತ್ತಿದ್ದವು.

“ಎರಡೂ ನೀನ ಆರಿಸಿದ್ದಲ್ಲ ಆಯಿ. ಕಣ್ಣ ಮಂದ ಆಗಿದ್ರ ಸಣ್ಣ ಗಡಿಗಿಯೊಳಗೂ ಹುಚ್ಚ ಬರಬೇಕಿತ್ತು. ಒಂದೂ ಬಂದಿಲ್ಲ.”

ಬಡಿಯುತ್ತಿದ್ದ ಕೈ ನಿಂತಿತು. ಹಂಚಿನ ಮೇಲಿನ ರೊಟ್ಟಿ ಹೊತ್ತಿ ಹೊಗೆ ಬಂತು.

“ಇನ್ನೊಮ್ಮೆ ಹೇಳು,” ಅಂದಳು.

ಇನ್ನೊಮ್ಮೆ ಹೇಳಿದೆ. ಅವಳು ಹೊತ್ತಿದ ರೊಟ್ಟಿ ತೆಗೆದು ಪಕ್ಕಕ್ಕಿಟ್ಟು, ಸೆರಗಿನಿಂದ ಕಣ್ಣೊರೆಸಿಕೊಂಡಳು. ಹೊಗೆ ಎಂದಳು. ಆಮೇಲೆ ಅವಳೇ ಕೇಳಿದಳು: ಕಣ್ಣಿನದು ತಪ್ಪಿಲ್ಲವೆಂದರೆ ತಗ್ಗಿನಲ್ಲಿ ಏನಿದೆ?

ಮರುದಿನ ರವಿವಾರ. ಬೆಳಿಗ್ಗೆ ಇಬ್ಬರೂ ಹಳ್ಳಕ್ಕೆ ಹೋದೆವು.

ಅಲ್ಲಿ ಇದ್ದದ್ದು ನಾವು ದಿನವೂ ನೋಡುತ್ತಿದ್ದುದೇ. ನಮ್ಮ ಕೆಳಬದುವಿಗೆ ಹತ್ತಿ ಆಳೆತ್ತರದ ಪೊದೆ ಪೊದೆ ನಿಂತಿದ್ದ ಅದನ್ನು ಊರವರು ಹಳ್ಳದ ಜೋಳ ಅನ್ನುತ್ತಿದ್ದರು. ಸುಗ್ಗಿಯಲ್ಲಿ ತೆನೆ ಹೇರಿದ ಬಂಡಿಗಳು ಹಳ್ಳ ದಾಟುವಾಗ ಕುಲುಕಾಡಿ ಕಾಳು ಉದುರುತ್ತವೆ. ಆ ಕಾಳು ಹಸಿ ಮಣ್ಣಿನಲ್ಲಿ ಹುಟ್ಟಿ ಜೋಳವಾಗುತ್ತದೆ. ಅದರಲ್ಲಿ ಕೇಳುವುದೇನಿದೆ? ಜೋಳದ ಊರಿನವರು ಜೋಳದಂಥದ್ದನ್ನು ಕಂಡು ಜೋಳ ಎಂದರು, ಅಷ್ಟೇ. ಮೊದಲು ಅಲ್ಲಿ ಎರಡು ಮೂರು ಪೊದೆ ಮಾತ್ರ ಇದ್ದವು. ನಾಲ್ಕು ವರ್ಷದ ಹಿಂದೆ ಹಳ್ಳಕ್ಕೆ ಅಡ್ಡ ಒಡ್ಡು ಕಟ್ಟಿ ನೀರು ನಿಂತ ಮೇಲೆ ಬದುವಿನ ಉದ್ದಕ್ಕೂ ಹಬ್ಬಿದ್ದವು. ಇದು ಆಯಿಗೆ ಅಲ್ಲಿ ನಿಂತಾಗಲೇ ನೆನಪಾದದ್ದು.

ನಾನು ಒಂದು ಪೊದೆಯ ಮುಂದೆ ಕೂತು ಪುಟದ ಮಧ್ಯೆ ಗೆರೆ ಎಳೆದೆ. ಒಂದು ಕಡೆ ನಮ್ಮ ಜೋಳ, ಇನ್ನೊಂದು ಕಡೆ ಇದು. ನಮ್ಮ ಜೋಳದ ಗರಿ ನಾಲ್ಕು ಬೆರಳು ಅಗಲ, ಇದರದು ಒಂದೂವರೆ. ಗರಿಯ ನಡುವಿನ ಬಿಳಿ ನರ ಮಾತ್ರ ಎರಡಕ್ಕೂ ಇತ್ತು. ನಮ್ಮದಕ್ಕೆ ಒಂದು ದಂಟು, ಹೆಚ್ಚೆಂದರೆ ಎರಡು. ಇದರ ಒಂದೇ ಪೊದೆಯಲ್ಲಿ ಮೂವತ್ತನಾಲ್ಕು. ಇದರ ತೆನೆ ಬಿಚ್ಚಿಕೊಂಡದ್ದು, ಕಾಳು ಸಣ್ಣದು, ಕಪ್ಪು ಹೊಟ್ಟು. ಅಷ್ಟು ಬರೆದಾಗ ಆಯಿ ಬಗ್ಗಿ ಪೊದೆಯ ಬುಡದ ಗರಿಗಳನ್ನು ಸರಿಸಿದಳು. ಹಸಿರು ದಂಟುಗಳ ನಡುವೆ ಒಣಗಿ ಕಪ್ಪಾದ ಹಳೆಯ ಕೂಳೆ ಇತ್ತು. ಅದರ ಒಳಗೆ ಅದಕ್ಕಿಂತ ಹಳೆಯದು, ಹಿಡಿದರೆ ಪುಡಿಯಾಗುವಂಥದು.

“ಇದು ಈ ವರ್ಷ ಹುಟ್ಟಿದ್ದಲ್ಲ,” ಎಂದಳು ಆಯಿ. “ಸತ್ತಾಂಗ ಆಗಿ ಮತ್ತ ಏಳತೈತಿ.”

ಜೋಳ ಹಾಗಲ್ಲ. ಬಿತ್ತಿದ ವರ್ಷವೇ ಅದರ ಬಾಳು ಮುಗಿಯುತ್ತದೆ.

ಬದುವಿನ ಮೇಲೆ ದನಕ್ಕೆ ಹುಲ್ಲು ಕೊಯ್ಯುತ್ತಿದ್ದ ಹನಮವ್ವ ನಮ್ಮನ್ನು ನೋಡಿ ಬಂದಳು. ಅವಳು ನಮ್ಮ ಹೊಲದಲ್ಲಿ ಮೊದಲಿನಿಂದ ದುಡಿಯುತ್ತಿದ್ದವಳು. ಮಳೆಗಾಲದಲ್ಲಿ ಗಜೇಂದ್ರಗಡದ ಕಡೆ ಹತ್ತಿಯ ಬೀಜದ ಹೊಲಗಳಿಗೂ ಕೂಲಿಗೆ ಹೋಗುತ್ತಿದ್ದಳು. ಅಜ್ಜಿ ಮೊಮ್ಮಗಳು ಹುಲ್ಲಿನ ಮುಂದೆ ಪುಸ್ತಕ ಹಿಡಿದು ಕೂತದ್ದು ಕಂಡು ಅವಳಿಗೆ ನಗು. ವಿಷಯ ಕೇಳಿದ ಮೇಲೆ ನಗು ನಿಲ್ಲಿಸಿ, ಪಕ್ಕದ ಹೊಲದವರ ಬಂಡಿಯಿಂದ ಕಬ್ಬಿಣದ ಹಾರಿ ತಂದು ಪೊದೆಯ ಬುಡದಿಂದ ಒಂದು ಮೊಳ ದೂರದಲ್ಲಿ ಎರೆ ಮಣ್ಣಿಗೆ ಇಳಿಸಿದಳು. ಹೆಂಟೆ ಮಗುಚಿತು. ಒಳಗೆ ಬೆರಳು ದಪ್ಪದ ಬಿಳಿ ಬೇರು, ಅರಿಷಿಣದ ಕೊಂಬಿನ ಹಾಗೆ ಗಣಿಕೆ ಗಣಿಕೆ, ಕೆಳಗೆ ಇಳಿಯದೆ ಅಡ್ಡಕ್ಕೆ ಹರಿದಿತ್ತು. ಅದರ ಜಾಡು ಹಿಡಿದು ಅಗೆಯುತ್ತ ಹೋದೆವು. ನಾಲ್ಕು ಮೊಳ ದೂರದ ಇನ್ನೊಂದು ಪೊದೆಗೆ ಹೋಗಿ ಮುಟ್ಟಿತು. ಪ್ರತಿ ಗಣಿಕೆಯಿಂದಲೂ ಚೂಪಾದ ಮೊಳಕೆ.

“ಇದು ಕರಕಿ ಪೈಕಿರಿ ಯವ್ವಾ,” ಎಂದಳು ಹನಮವ್ವ. “ಕರಕಿ ದೊಡ್ಡಪ್ಪ.”

ಆಯಿ ನಕ್ಕಳು. ಎಷ್ಟೋ ದಿನಗಳ ಮೇಲೆ ನಕ್ಕದ್ದು. ಎರೆ ಹೊಲದವರಿಗೆ ಕರಕಿಯ, ಅಂದರೆ ಗರಿಕೆ ಹುಲ್ಲಿನ, ಕಿತ್ತಷ್ಟೂ ಹಬ್ಬುವ ಬೇರು ಗೊತ್ತಿರದೆ ಇರುತ್ತದೆಯೇ?

ಆದರೂ ಹಳ್ಳದಲ್ಲಿರುವ ಹುಲ್ಲಿಗೂ ನಮ್ಮ ಗಡಿಗೆಯಲ್ಲಿರುವ ಬೀಜಕ್ಕೂ ಏನು ಸಂಬಂಧ ಎಂಬುದು ನನಗೆ ಹೊಳೆಯಲಿಲ್ಲ. ಅದನ್ನು ಬಿಡಿಸಿ ಹೇಳಿದ್ದು ಹನಮವ್ವನೇ. ಹುಲ್ಲಿನ ಒಂದು ತೆನೆಯನ್ನು ಬಗ್ಗಿಸಿ ನನ್ನ ಅಂಗೈ ಮೇಲೆ ಬಡಿದಳು. ಹಳದಿ ಪುಡಿ ಬಿತ್ತು. ಪಕ್ಕದಲ್ಲಿ ತಡವಾಗಿ ಹೂವಿಗೆ ಬಂದ ನಮ್ಮ ಜೋಳದ ತೆನೆಯನ್ನು ಬಡಿದಳು. ಅಂಥದೇ ಪುಡಿ.

“ಹತ್ತ್ಯಾಗ ನಾವು ಗಂಡ ಹೂವು ತಂದು ಹೆಣ್ಣ ಹೂವಿಗೆ ಒರಸ್ತೀವಿ. ಕ್ರಾಸಿಂಗ್ ಅಂತಾರ. ಇಲ್ಲಿ ನಮ್ಮಂಥಾವ್ರು ಯಾರೂ ಬ್ಯಾಡ. ಗಾಳಿನ ಮಾಡಿಬಿಡತೈತಿ.”

ಆಯಿ ಬದುವಿನ ಮೇಲೆ ಕೂತುಬಿಟ್ಟಳು. ಅತ್ತೆ ಹೇಳಿಕೊಟ್ಟ ಕ್ರಮದಲ್ಲಿ, ಎಲ್ಲಕ್ಕಿಂತ ಒಳ್ಳೆಯ ತೆನೆ ಇರುವ ಜಾಗದಲ್ಲಿ, ಈ ಹುಲ್ಲಿನ ಮಗ್ಗುಲಲ್ಲೇ ನಿಂತು ಮೂರು ವರ್ಷ ಅವಳು ಬೀಜ ಆರಿಸಿದ್ದಳು. ಬೆರೆತದ್ದು ಕಾಳಿನೊಳಗೆ, ಅದು ಬಿತ್ತಿದ ಮೇಲೆಯೇ ಕಾಣುವುದು. ತೆನೆಯ ಹೊರಗೆ ಏನೂ ಕಾಣುವಂತಿರಲಿಲ್ಲ. ಯಾವ ಕಣ್ಣಿಗೂ ಕಾಣುವಂತಿರಲಿಲ್ಲ.

ನಾವು ಗೆದ್ದೆವೆಂದು ನಾನು ಮನೆಗೆ ಓಡಿದೆ. ಗಡಿಗೆಯ ಗುಟ್ಟೊಂದು ಬಿಟ್ಟು ಹುಲ್ಲಿನದೆಲ್ಲ ಹೇಳಿದೆ. ಅಪ್ಪ ಕೇಳಿದ, ಪುಸ್ತಕ ತಿರುವಿ ನೋಡಿದ, ಹಿಂದಕ್ಕೆ ಕೊಟ್ಟ. ಅದು ಉದುರಿದ ಜೋಳ, ತನ್ನ ಅಪ್ಪನ ಕಾಲದಿಂದ ಅಲ್ಲಿದೆ, ತಾನೇ ಎಷ್ಟೋ ಸಲ ಕೊಯ್ದು ಎತ್ತಿಗೆ ಹಾಕಿದ್ದೇನೆ ಎಂದ. ಊರವರ ಮುಂದೆ ಹನ್ನೊಂದು ವರ್ಷದ ಹುಡುಗಿಯ ಗೆರೆ ತೋರಿಸಿದರೆ ಇನ್ನಷ್ಟು ನಗುತ್ತಾರೆ ಎಂಬುದು ಅವನ ಹೆದರಿಕೆ. ಆಯಿಯೂ ಹಟ ಹಿಡಿಯಲಿಲ್ಲ. ಬಿತ್ತುವವನು ಅವನು, ಅವನಿಗೆ ಬೇಡವಾದ ಬೀಜವನ್ನು ನಾನು ಆರಿಸಿ ಏನು ಮಾಡಲಿ ಎಂದು ನನ್ನ ಹತ್ತಿರ ಮಾತ್ರ ಹೇಳಿದಳು. ತಿಂಗಳು ಹಾಗೇ ಹೋಯಿತು. ಆ ನಡುವೆ ಹೊಲದಲ್ಲಿ ಕುಳ್ಳಿನ ಬೆಂಕಿಗೆ ಸೀತನಿಯ ಹಸಿ ತೆನೆ ಸುಟ್ಟು, ಅಂಗೈಯಲ್ಲಿ ತಿಕ್ಕಿ, ಬೆಲ್ಲ ಹಚ್ಚಿ ತಿಂದೆವು. ನಾನು ತಿಂದ ತೆನೆ ಹತ್ತೊಂಬತ್ತು. ರುಚಿ ಹಿಂದಿನ ವರ್ಷದಷ್ಟು ಹತ್ತಲಿಲ್ಲ ಎಂದು ಬರೆದಿದ್ದೇನೆ.

ಫೆಬ್ರವರಿ ಹತ್ತು, ಜೋಳ ಕೀಳುವ ದಿನ. ಹಿಂದಿನ ದಿನ ಆಯಿ ಹೊಲಕ್ಕೆ ಹೋಗಿರಲಿಲ್ಲ. ಎಂದರೆ ತೆನೆ ಆರಿಸಿರಲಿಲ್ಲ. ಬೆಳಿಗ್ಗೆ ಮುಯ್ಯಿಗೆ ಹದಿಮೂರು ಮಂದಿ ಬಂದರು. ಬಸಲಿಂಗವ್ವ, ಅವಳ ಗಂಡ ಶಿವಪ್ಪ ಕಾಕಾ, ಹನಮವ್ವ ಎಲ್ಲರೂ ಇದ್ದರು. ಬುತ್ತಿಯ ಗಂಟು ಹೊತ್ತು ಆಯಿಯೂ ಬಂದಿದ್ದಳು. ನಾನು ಶಾಲೆ ತಪ್ಪಿಸಿದ್ದೆ. ಸಂಜೆಯೊಳಗೆ ಎಲ್ಲ ನೆಲಕ್ಕೆ ಮಲಗುತ್ತದೆ, ಆಮೇಲೆ ಮಾಡುವುದೇನೂ ಉಳಿಯುವುದಿಲ್ಲ ಎಂಬುದು ತಲೆಯಲ್ಲಿ ಗುಂಯ್‌ಗುಡುತ್ತಿತ್ತು.

ನಮ್ಮ ಕಡೆ ಹಿಂಗಾರಿ ಜೋಳವನ್ನು ಕೊಯ್ಯುವುದಿಲ್ಲ, ಬೇರುಸಹಿತ ಕೀಳುತ್ತಾರೆ. ದಂಟನ್ನು ಎರಡೂ ಕೈಯಿಂದ ಹಿಡಿದು ಸೊಂಟದಿಂದ ಒಂದು ಜಗ್ಗು, ಮುಷ್ಟಿಯಷ್ಟು ಬೇರು ಮೇಲೆ, ಮೊಣಕಾಲಿಗೆ ಬಡಿದು ಮಣ್ಣು ಕೊಡವಿ ಹಾಕುವುದು. ಅಪ್ಪ ಒಂದೇ ಜಗ್ಗಿಗೆ ಎರಡು ದಂಟು ಕೀಳುವವನೆಂದು ಹೆಸರಾದವನು. ಆ ಹೆಸರೇ ನನಗೆ ದಾರಿ ತೋರಿಸಿತು. ಎಲ್ಲರೂ ಹಳ್ಳದ ಬದುವಿನಲ್ಲಿ ನಿಂತು ಸೊಂಟ ಕಟ್ಟುತ್ತಿದ್ದಾಗ ಹುಲ್ಲಿನ ಪೊದೆಯ ಮುಂದೆ ಹೋಗಿ ನಿಂತೆ.

“ಅಪ್ಪಾ, ಇದು ಜೋಳ ಅಂದಿಯಲ್ಲ. ಜೋಳ ಆದ್ರ ಕೀಳು.”

ಎಲ್ಲರೂ ನಕ್ಕರು. ಮಗಳ ಸವಾಲು, ಗಂಡಸು ಹಿಂದೆ ಸರಿಯುವ ಹಾಗಿರಲಿಲ್ಲ. ಅಪ್ಪ ನಗುತ್ತಲೇ ಬಂದು ಎರಡು ದಂಟು ಹಿಡಿದು ಜಗ್ಗಿದ. ದಂಟು ಕಟಕ್ಕನೆ ಮುರಿದು ಅವನು ಎರಡು ಹೆಜ್ಜೆ ಹಿಂದಕ್ಕೆ ಹೋದ. ಬುಡ ಅಲ್ಲೇ ಇತ್ತು. ಇನ್ನೊಂದು ಹಿಡಿದ, ಕೆಳಗೆ, ಮಣ್ಣಿಗೆ ಹತ್ತಿ. ಅದೂ ಮುರಿಯಿತು. ಅಂಗೈ ಕೊಯ್ದು ರಕ್ತ ಜಿನುಗಿತು. ಈಗ ನಗು ಬೇರೆಯಾಗಿತ್ತು. ಶಿವಪ್ಪ ಕಾಕಾ ಅಪ್ಪನನ್ನು ಸರಿಸಿ, ರೊಟ್ಟಿ ತಿಂದು ಬಂದಿಲ್ಲವೇನು ಎಂದು ಛೇಡಿಸಿ ತಾನು ಜಗ್ಗಿದ. ಪೊದೆ ಅಲ್ಲಾಡಲಿಲ್ಲ. ಮೂರು ಜನ ಕೂಡಿ ಜಗ್ಗಿದರು. ಗರಿ ಹರಿದು ಕೈಗೆ ಬಂತು.

ನಲವತ್ತು ಸುಗ್ಗಿ ಜೋಳ ಕಿತ್ತ ಕೈಗಳು ಅವು. ಆ ಕೈಗಳಿಗೆ ನಾನು ಏನನ್ನೂ ವಿವರಿಸಬೇಕಾಗಿರಲಿಲ್ಲ. ಯಾರೂ ನಗುತ್ತಿರಲಿಲ್ಲ. ಹನಮವ್ವ ಹಾರಿ ಹಾಕಿ ಹೆಂಟೆ ಎಬ್ಬಿಸಿ, ಬಿಳಿ ಬೇರನ್ನು ಉದ್ದಕ್ಕೂ ತೆರೆದು ತೋರಿಸಿದಳು. ಅಪ್ಪ ಮೊಣಕಾಲೂರಿ ಅದನ್ನು ಬಹಳ ಹೊತ್ತು ನೋಡಿದ. ಆಮೇಲೆ ನನ್ನ ಕಡೆ ತಿರುಗಿ, ಪುಸ್ತಕ ತಂದಿರುವೆಯಾ ಎಂದು ಕೇಳಿದ.

ತಂದಿದ್ದೆ. ನಿಂತು ಗಟ್ಟಿಯಾಗಿ ಓದಿದೆ. ಹಳ್ಳದ ಬದಿಯ ತೆನೆಯ ಬೀಜ, ದೊಡ್ಡ ಹರವಿ, ನೂರಾ ಅರವತ್ತೆಂಟು ಸಾಲು, ಹುಚ್ಚು ತೆನೆ ಐವತ್ತೇಳು. ದಿನ್ನೆಯ ತೆನೆಯ ಬೀಜ, ಸಣ್ಣ ಗಡಿಗೆ, ನಲವತ್ತೆರಡು ಸಾಲು, ಹುಚ್ಚು ತೆನೆ ಇಲ್ಲ. ಎರಡನ್ನೂ ಆರಿಸಿದವಳು ನಮ್ಮ ಆಯಿ. ಸಣ್ಣ ಗಡಿಗೆಯ ಗುಟ್ಟು ಹಾಗೆ ಬಯಲಾಯಿತು. ಆಣೆ ಮುರಿದದ್ದಕ್ಕೆ ಆಯಿ ನನ್ನನ್ನು ಕೊನೆಯವರೆಗೂ ಬೈಯಲಿಲ್ಲ.

ಬಸಲಿಂಗವ್ವ ಮತ್ತೊಮ್ಮೆ ಓದಿಸಿದಳು. ಆಮೇಲೆ ಪಡುವಣ ಬದುವಿನವರೆಗೆ ನಡೆದು ಹೋಗಿ, ಆ ನಲವತ್ತೆರಡು ಸಾಲಿನ ಮೇಲೆ ಕಣ್ಣು ಹಾಯಿಸಿ ತಿರುಗಿ ಬಂದಳು. ಬಂದವಳು ಆಯಿಯ ಮುಂದೆ ಒಂದು ಗಳಿಗೆ ನಿಂತಳು. ಕ್ಷಮೆ ಕೇಳುವ ಮಾತು ಅವಳ ಬಾಯಲ್ಲಿ ಬರುವಂಥದಲ್ಲ. ತಿರುಗಿ ಎಲ್ಲರಿಗೂ ಕೇಳುವ ಹಾಗೆ ಹೇಳಿದಳು:

“ಎಲ್ಲಾರೂ ಹಳ್ಳದ ಕಡಿಂದ ಕೀಳಕೊಂತ ಬರ್ರಿ. ದಿನ್ನಿ ಯಾರೂ ಮುಟ್ಟಬ್ಯಾಡ್ರಿ. ಯಕ್ಕ ಬೀಜ ಆರಸಬೇಕು.”

ಅಪ್ಪ ಸೊಂಟದಲ್ಲಿದ್ದ ಕುಡಗೋಲು ತೆಗೆದು ಆಯಿಯ ಕೈಗೆ ಕೊಟ್ಟ. ಆಯಿ ಸೆರಗು ಬಿಗಿದು ಸೊಂಟಕ್ಕೆ ಸಿಕ್ಕಿಸಿದಳು. ಹೋಗುವಾಗ ಮಗನ ಕಡೆ ನೋಡಿ, “ಆ ಬನ್ನಿಗಿಡದಾಗ ಎರಡು ಗಿಳಿ ಅದಾವು. ನಿನಗ ಕಾಣತಾವೇನು?” ಎಂದು ಕೇಳಿದಳು. ಹದಿಮೂರು ಮಂದಿಯೂ ಬಿದ್ದು ಬಿದ್ದು ನಕ್ಕರು. ಅಪ್ಪ ಎಲ್ಲರಿಗಿಂತ ಜೋರಾಗಿ.

ಅಂದು ಅವಳು ಕೆಳಗಿನಿಂದ ಕೀಳುತ್ತ ಬರುವವರಿಗಿಂತ ಮುಂದೆ ಮುಂದೆ ದಿನ್ನೆಯ ಮೇಲೆ ನಡೆಯುತ್ತ ತೆನೆ ಆರಿಸಿದಳು. ನಾನು ಬುಟ್ಟಿ ಹಿಡಿದು ಬೆನ್ನ ಹಿಂದೆ. ಹೊತ್ತು ಇಳಿಯುವ ಮೊದಲು ಮುನ್ನೂರ ಹನ್ನೆರಡು ತೆನೆ ಆದವು. ಬಸಲಿಂಗವ್ವನ ಗುಂಪು ದಿನ್ನೆಯ ಕೆಳಗೆ ಬಂದು ನಿಂತು, ಆಯಿ ಸಾಕು ಅನ್ನುವವರೆಗೆ ಒಂದು ದಂಟನ್ನೂ ಮುಟ್ಟದೆ ಕಾಯಿತು.

ಅಪ್ಪ ಒಂದು ಪೊದೆಯನ್ನು ಬೇರುಸಹಿತ ಗೋಣಿಚೀಲದಲ್ಲಿ ಹಾಕಿಕೊಂಡು ರೋಣಕ್ಕೆ ಒಯ್ದು, ಕೃಷಿ ಇಲಾಖೆಯವರಿಗೆ ತೋರಿಸಿದ. ಅದು ಜೋಳದ ಕುಲದ್ದೇ ಕಾಡುಹುಲ್ಲು, ಹಸಿ ತಗ್ಗಿನಲ್ಲಿ ವರ್ಷಗಟ್ಟಲೆ ಬದುಕುತ್ತದೆ, ಜಾನ್ಸನ್ ಹುಲ್ಲು ಅನ್ನುತ್ತಾರೆ, ಬೀಜದ ಜೋಳ ಇದರಿಂದ ದೂರ ಇರಬೇಕು, ಎಳೆಯದನ್ನು ದನಕ್ಕೆ ಹಾಕಿದರೆ ಜೀವಕ್ಕೇ ಅಪಾಯ ಎಂದು ಅವರು ಹೇಳಿದರಂತೆ. ಎತ್ತಿಗೆ ಕೊಯ್ದು ಹಾಕಿದ್ದನ್ನು ನೆನೆದು ಅಪ್ಪ ಬೆವರಿದ. ಆದರೂ ಬರುವಾಗ ಬಸ್ಸಿನವರಿಗೆಲ್ಲ ಚೀಲ ಬಿಚ್ಚಿ ತೋರಿಸಿದ್ದ. ಅಬ್ಬಿಗೇರಿ ಮುಟ್ಟುವಷ್ಟರಲ್ಲಿ ಅದನ್ನು ಕಂಡುಹಿಡಿದವನು ಅವನೇ ಆಗಿದ್ದ. ನಾನು ಸಿಟ್ಟಾಗಲಿಲ್ಲ. ಪುಸ್ತಕ ನನ್ನ ಹತ್ತಿರವಿತ್ತು.

ಮುಂದಿನ ಬಿತ್ತನೆಗೆ ಬೀಜಕ್ಕೆ ಬಂದವರು ಹತ್ತೊಂಬತ್ತು, ಮೊದಲು ಬಂದವಳು ಬಸಲಿಂಗವ್ವ. ಎಳ್ಳಮಾಸಿಗೆ ಮತ್ತೆ ಮೂವತ್ತೈದು ಸಲ ನಡೆದು ಎಣಿಸಿದೆ. ಇನ್ನೂರಾ ಹತ್ತು ಸಾಲಿಗೆ ಹುಚ್ಚು ತೆನೆ ಎರಡು. ಆಯಿ ಅವೆರಡನ್ನೂ ತಾನೇ ಕಿತ್ತು ಒಲೆಗೆ ಹಾಕಿದಳು.

ಇದೆಲ್ಲ ಆಗಿ ಹನ್ನೆರಡು ವರ್ಷ. ಆಯಿ ತೀರಿಕೊಂಡು ನಾಲ್ಕು ವರ್ಷವಾಯಿತು. ಆ ಹುಲ್ಲನ್ನು ಎಷ್ಟು ಸಲ ಅಗೆಸಿದರೂ ಹಳ್ಳದಲ್ಲಿ ಇನ್ನೂ ಇದೆ. ನಮ್ಮ ಸುತ್ತಿನ ಎರೆ ಹೊಲಗಳಲ್ಲಿ ಜೋಳ ಕಡಿಮೆಯಾಗಿ ಕಡಲೆ ಹೆಚ್ಚಾಗಿದೆ. ದಿನ್ನೆಯ ಮೇಲೆ ಬೀಜದ ತೆನೆ ಆರಿಸುವವಳು ಈಗ ನಾನು. ಈ ವರ್ಷ ಬೀಜಕ್ಕೆ ಬಂದವರು ನಾಲ್ಕು ಮಂದಿ.

ಹಳೆಯ ಪುಸ್ತಕದಲ್ಲಿ ಆ ಫೆಬ್ರವರಿ ಹತ್ತರ ಪುಟ ತೆಗೆದು ಆಗಾಗ ನೋಡುತ್ತೇನೆ. ಮುನ್ನೂರ ಹನ್ನೆರಡು ತೆನೆ ಎಂದು ದುಂಡಗೆ ಬರೆದಿದೆ. ಆಯಿ ಒಂದೊಂದು ತೆನೆಯನ್ನು ಅಂಗೈಯಲ್ಲಿ ಒತ್ತಿ ನೋಡಿ, ಕೆಲವನ್ನು ಕೊಯ್ದು, ಹಲವನ್ನು ಬಿಟ್ಟು ಮುಂದೆ ಹೋಗುತ್ತಿದ್ದಳು. ಬಿಟ್ಟ ತೆನೆಗಳೂ ನನ್ನ ಕಣ್ಣಿಗೆ ಅಷ್ಟೇ ಚೆನ್ನಾಗಿದ್ದವು. ಯಾಕೆ ಬಿಟ್ಟೆ ಎಂದು ಅಂದೂ ಕೇಳಲಿಲ್ಲ, ಆಮೇಲಿನ ಎಂಟು ಸುಗ್ಗಿಯಲ್ಲೂ ಕೇಳಲಿಲ್ಲ. ಬುಟ್ಟಿಗೆ ಬಿದ್ದದ್ದನ್ನು ಎಣಿಸುವ ಗಡಿಬಿಡಿಯಲ್ಲಿದ್ದೆ.

ಮೊನ್ನೆ ಬಸಲಿಂಗವ್ವ ಮೊರ ಹೊತ್ತು ಬಂದಳು. ಈಗ ಅವಳಿಗೂ ಕೋಲು ಬೇಕು. ನಾನು ಅಳೆದುಕೊಟ್ಟ ಬೀಜವನ್ನು ಅಂಗೈಯಲ್ಲಿ ಹಿಡಿದು, ಬೆರಳಿನಿಂದ ಆಡಿಸಿ, ಒಂದು ಕಾಳು ಹಲ್ಲಿಗೆ ಹಾಕಿ ನೋಡಿದಳು.

“ಚಲೋ ಐತಿ ಶಾರಿ. ಹುಚ್ಚ ಬರೂದಿಲ್ಲ. ಖರೇ ನಿಮ್ಮಾಯಿ ಕೈದಷ್ಟ ಇಲ್ಲ.”

ಸೆರಗಿನಲ್ಲಿ ಕಟ್ಟಿಕೊಂಡು ಹೋದಳು. ಅವಳು ಹೇಳಿದ್ದನ್ನು ತಾರೀಖು ಹಾಕಿ, ಹೇಳಿದ ಹಾಗೆಯೇ ಬರೆದಿಟ್ಟಿದ್ದೇನೆ.